ಹಿಗ್ಗಿಸಿದ ಚರ್ಮದ ಕೆಳಗೆ ಕಸಿ ಮಾಡಿದ ಕಾರ್ಟಿಲೇಜ್ ಬೆಳೆಯುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಹಾಸನ ಜಿಲ್ಲೆಯಲ್ಲಿ ಪಶುವೈದ್ಯ. ನನ್ನ ತಂಗಿಯ ಮಗಳಿಗೆ ಹುಟ್ಟಿನಿಂದ ಬಲಗಿವಿ ಪೂರ್ತಿ ಬಂದಿಲ್ಲ. ಕಿವಿ ಇರಬೇಕಾದ ಜಾಗದಲ್ಲಿ ಅವರೆಕಾಳಿಗಿಂತ ಸ್ವಲ್ಪ ದೊಡ್ಡದೊಂದು ಗಂಟು, ಅದರ ಕೆಳಗೆ ಚೂರು ಹಾಲೆ. ಇದಕ್ಕೆ ಮೈಕ್ರೋಷಿಯಾ ಅನ್ನುತ್ತಾರೆ. ಕಳೆದ ವರ್ಷ ಯಾರೋ ಅವಳ ಅಪ್ಪನಿಗೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಕಳಿಸಿದ್ದರು. ಮೊಲದ ಮೇಲೆ ಪ್ರಯೋಗ ಗೆದ್ದಿದೆ, ಬಲೂನು ಹಾಕಿ ಚರ್ಮ ಹಿಗ್ಗಿಸಿದರೆ ಒಳಗಿನ ಕಾರ್ಟಿಲೇಜ್ ತಾನೇ ಬೆಳೆಯುತ್ತೆ ಅಂತ. ರಾತ್ರಿ ಹತ್ತು ಗಂಟೆಗೆ ಫೋನ್ ಬಂತು. "ಭಾವ, ನಾಯಿ ಮೊಲ ಎಲ್ಲಾ ನೋಡೋರು ನೀವು, ಇದು ನಿಜವಾ?"

ಅವತ್ತಿನಿಂದ ಮನೆಯವರು, ಊರಿನವರು, ಇದೇ ತೊಂದರೆ ಇರುವ ಮಕ್ಕಳ ತಂದೆತಾಯಿ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಹಾಕಿದ್ದೇನೆ. ನಾನು ಪ್ರಾಣಿಗಳ ಡಾಕ್ಟರು, ಮಕ್ಕಳ ಸರ್ಜನ್ ಅಲ್ಲ. ಪ್ರಾಣಿಗಳ ವಿಷಯ ಧೈರ್ಯವಾಗಿ ಹೇಳುತ್ತೇನೆ. ಮಗುವಿನ ವಿಷಯ ಬಂದಾಗ ನಿಮ್ಮ ಸರ್ಜನ್ ಹೇಳಿದ್ದೇ ಕೊನೆ ಮಾತು.

ಕಾರ್ಟಿಲೇಜ್ ಅಂದರೆ ಮೂಳೆಯಾ, ಮಾಂಸವಾ?

ಎರಡೂ ಅಲ್ಲ. ಶಾಲೆಯ ಪುಸ್ತಕದಲ್ಲಿ ಮೃದ್ವಸ್ಥಿ ಅಂತ ಓದಿರುತ್ತೀರಿ. ನಿಮ್ಮ ಕಿವಿಯ ಮೇಲ್ಭಾಗ ಮಡಚಿ ಬಿಟ್ಟು ನೋಡಿ, ಚಂಗನೆ ಮೊದಲಿನ ಹಾಗೆ ನಿಲ್ಲುತ್ತದೆ. ನಿಲ್ಲಿಸಿದ್ದು ಕಾರ್ಟಿಲೇಜ್. ಕೆಳಗಿನ ಹಾಲೆಯಲ್ಲಿ ಅದು ಇಲ್ಲ. ಅದಕ್ಕೇ ಅಜ್ಜಿಯರ ಹಾಲೆ ಭಾರದ ಓಲೆಗೆ ಜೋತು ಬೀಳುತ್ತದೆ. ಬಾಡೂಟದಲ್ಲಿ ಪಕ್ಕೆಲುಬಿನ ತುದಿಯಲ್ಲಿ ಕಟುಮ್ ಕುಟುಮ್ ಅನ್ನುವ ಬಿಳಿ ತುಂಡು ಸಿಗುತ್ತದಲ್ಲ, ಅದೂ ಇದೇ ಜಾತಿ.

ಇದರ ಒಂದು ಗುಣ ನೆನಪಿಡಿ, ಮುಂದೆ ಎಲ್ಲದಕ್ಕೂ ಬೇಕು. ಇದರೊಳಗೆ ರಕ್ತನಾಳ ಇಲ್ಲ, ನರವೂ ಇಲ್ಲ. ಜೀವಕೋಶಗಳು ಕಡಿಮೆ, ಅಲ್ಲೊಂದು ಇಲ್ಲೊಂದು. ಉಳಿದದ್ದು ನೀರು ಹಿಡಿದಿಟ್ಟ ಗಟ್ಟಿ ಜೆಲ್ಲಿಯಂಥ ವಸ್ತು ಮತ್ತು ಕೊಲ್ಯಾಜೆನ್ ಎಳೆಗಳು. ಸುತ್ತಲಿನ ರಕ್ತದಿಂದ ಜಿನುಗಿ ಬಂದದ್ದೇ ಈ ಕೋಶಗಳಿಗೆ ಊಟ. ಕಡಿಮೆ ಊಟದಲ್ಲಿ ಬದುಕುವ ಅಭ್ಯಾಸ ಇರುವುದರಿಂದಲೇ ಕಾರ್ಟಿಲೇಜನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸಿದರೂ ಸಾಯುವುದಿಲ್ಲ. ಹಾಗೇ, ಏಟು ಬಿದ್ದರೆ ಬೇಗ ಮಾಯುವುದೂ ಇಲ್ಲ.

ಚರ್ಮವನ್ನು ಹಿಗ್ಗಿಸೋದು ಯಾಕೆ?

ಇಂಥ ಮಗುವಿಗೆ ಅದರದೇ ಪಕ್ಕೆಲುಬಿನ ಕಾರ್ಟಿಲೇಜ್ ತೆಗೆದು, ಕಿವಿಯ ಚೌಕಟ್ಟು ಕೆತ್ತಿ, ಚರ್ಮದ ಕೆಳಗೆ ಕಸಿ ಇಡುತ್ತಾರೆ. ಚೌಕಟ್ಟು ಮಾಡಿದರೆ ಸಾಲದು, ಅದಕ್ಕೆ ಹೊದಿಸಲು ಬಟ್ಟೆ ಬೇಕು. ಆ ಬಟ್ಟೆ ತೆಳ್ಳಗಿರಬೇಕು, ಕೂದಲಿರಬಾರದು, ಮುಖದ ಬಣ್ಣಕ್ಕೆ ಹೊಂದಬೇಕು. ಅಂಥ ಚರ್ಮ ಕಿವಿಯ ಹಿಂದೆ ಅಂಗೈ ಅರ್ಧದಷ್ಟೂ ಸಿಗುವುದಿಲ್ಲ.

ಅದಕ್ಕೆ ಕಂಡುಕೊಂಡ ಉಪಾಯ ಟಿಶ್ಯೂ ಎಕ್ಸ್‌ಪ್ಯಾಂಡರ್. ಸಿಲಿಕೋನಿನ ಖಾಲಿ ಬಲೂನನ್ನು ಚರ್ಮದ ಕೆಳಗೆ ಇಟ್ಟು ಹೊಲಿಯುತ್ತಾರೆ. ಗಾಯ ಒಣಗಿದ ಮೇಲೆ ವಾರಕ್ಕೆ ಒಂದೆರಡು ಸಲ ಸೂಜಿಯಿಂದ ಸಲೈನ್ ತುಂಬುತ್ತಾರೆ. ಕಿವಿಯ ಹಿಂದೆ ಇಡುವ ಬಲೂನು ಸುಮಾರು 50ರಿಂದ 80 ಮಿಲಿ ಹಿಡಿಯುವಂಥದ್ದು, ಹೆಚ್ಚಾಗಿ ಗೋಡಂಬಿ ಆಕಾರದ್ದು. ವಾರಗಟ್ಟಲೆ ಆದ ಮೇಲೆ ಬಲೂನು ತೆಗೆದು, ಆ ಚರ್ಮವನ್ನು ಚೌಕಟ್ಟಿನ ಮೇಲೆ ಹೊದಿಸುತ್ತಾರೆ. ಬಸುರಿಯ ಹೊಟ್ಟೆ ಹಿಗ್ಗುವುದನ್ನು ನೋಡಿದವರಿಗೆ ಇದು ವಿಚಿತ್ರ ಅನ್ನಿಸಬಾರದು.

ನನಗೆ ಖುಷಿ ಕೊಟ್ಟ ವಿಷಯ ಒಂದಿದೆ. ವೈದ್ಯಕೀಯದಲ್ಲಿ ಈ ಬಲೂನು ಮೊದಲು ಬಳಕೆಯಾದದ್ದೇ ಕಿವಿಗಾಗಿ. 1957ರಲ್ಲಿ ಚಾರ್ಲ್ಸ್ ನ್ಯೂಮನ್ ಎಂಬ ಅಮೆರಿಕದ ಸರ್ಜನ್, ಕಿವಿ ಕಳೆದುಕೊಂಡ ಒಬ್ಬರ ಚರ್ಮದ ಕೆಳಗೆ ರಬ್ಬರ್ ಬಲೂನು ಇಟ್ಟು ಗಾಳಿ ತುಂಬಿದ್ದನ್ನು ಬರೆದರು. ಯಾರೂ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಸುಮಾರು ಇಪ್ಪತ್ತು ವರ್ಷದ ನಂತರ, 1976ರಲ್ಲಿ, ಚೆಡೋಮಿರ್ ರಾಡೋವನ್ ಸಲೈನ್ ತುಂಬುವ ಸಿಲಿಕೋನ್ ಬಲೂನು ತೋರಿಸಿದ ಮೇಲೆಯೇ ಇದು ಎಲ್ಲ ಕಡೆ ಹಬ್ಬಿದ್ದು.

ಹಿಗ್ಗಿದ್ದು ಹೊಸ ಚರ್ಮವಾ, ಎಳೆದ ಹಳೇ ಚರ್ಮವಾ?

ಎರಡೂ ಇದೆ. 1986ರಲ್ಲಿ ಆಸ್ಟಡ್ ಎಂಬ ಸರ್ಜನ್ ಮತ್ತು ಜೊತೆಗಾರರು ಇದನ್ನೇ ಚೆನ್ನಾಗಿ ಕೇಳಿದ್ದರು: ಈ ಚರ್ಮ ಸಿಕ್ಕ ಲಾಭವೋ, ಅಕ್ಕಪಕ್ಕದಿಂದ ತಂದ ಸಾಲವೋ? ಗಿನಿಪಿಗ್‌ಗಳಲ್ಲಿ ನೋಡಿದಾಗ, ಬಲೂನು ತುಂಬಿದ ಮೇಲೆ ಮೇಲ್ಪದರದ ಕೋಶಗಳು ಜೋರಾಗಿ ಒಡೆದು ಹೆಚ್ಚುವುದು ಕಂಡಿತು. ಹಾಗಾಗಿ ಸ್ವಲ್ಪ ನಿಜವಾದ ಲಾಭವೇ. ಜೊತೆಗೆ ಪಕ್ಕದ ಚರ್ಮವೂ ಸರಿದು ಬರುತ್ತದೆ.

ಮೇಲಿನ ಪದರ ದಪ್ಪವಾಗುತ್ತದೆ, ಅದರ ಕೆಳಗಿನ ಪದರ ತೆಳ್ಳಗಾಗುತ್ತದೆ. ರಕ್ತನಾಳಗಳು ಹೆಚ್ಚುತ್ತವೆ. ಹಂದಿಗಳಲ್ಲಿ ಹಿಗ್ಗಿಸಿದ ಚರ್ಮವನ್ನು ಎತ್ತಿ ಹೊದಿಸಿದಾಗ, ಸಾಮಾನ್ಯ ಚರ್ಮಕ್ಕಿಂತ ಹೆಚ್ಚು ಉದ್ದ ಬದುಕಿ ಉಳಿಯುತ್ತದೆ ಅಂತ 1983ರಲ್ಲೇ ತೋರಿಸಿದ್ದಾರೆ. ಇನ್ನೊಂದು, ಬಲೂನಿನ ಸುತ್ತ ದೇಹ ನಾರಿನ ಒಂದು ಚೀಲ ಕಟ್ಟುತ್ತದೆ. ಇದನ್ನು ಕ್ಯಾಪ್ಸೂಲ್ ಅನ್ನುತ್ತಾರೆ, ಗುಳಿಗೆ ಅಲ್ಲ. ಈ ಚೀಲಕ್ಕೆ ರಕ್ತ ಚೆನ್ನಾಗಿ ಹರಿಯುತ್ತದೆ. ಆದರೆ ಬಲೂನು ತೆಗೆದ ಕೂಡಲೇ ಕುಗ್ಗೋಕೆ ನೋಡುತ್ತದೆ. ದಪ್ಪವಿದ್ದರೆ ಕಿವಿಯ ಏರುತಗ್ಗನ್ನೂ ಮುಚ್ಚಿಬಿಡುತ್ತದೆ.

ಕಸಿ ಅಂದರೆ ಮೆಣಸಿನ ಬಳ್ಳಿ ಕಸಿ ಮಾಡಿದ ಹಾಗಾ?

ಸಕಲೇಶಪುರದ ಕಡೆಯ ಒಬ್ಬ ಬೆಳೆಗಾರರು ಕೇಳಿದ್ದು. ಅವರು ಹಿಪ್ಪಲಿ ಗಿಡಕ್ಕೆ ಕರಿಮೆಣಸು ಕಸಿ ಕಟ್ಟುವವರು. ಪದ ಒಂದೇ, ಕೆಲಸ ಬೇರೆ. ಗಿಡದ ಕಸಿಯಲ್ಲಿ ಕೆಳಗಿನ ಕಾಂಡದ ನಾಳಕ್ಕೂ ಮೇಲಿನ ಕುಡಿಯ ನಾಳಕ್ಕೂ ಕೂಡಿಕೆ ಆಗಬೇಕು. ಆಗದಿದ್ದರೆ ಕುಡಿ ಒಣಗುತ್ತದೆ. ಕಾರ್ಟಿಲೇಜ್ ಕಸಿಯಲ್ಲಿ ಕೂಡಿಕೆ ಆಗಬೇಕಾಗಿಯೇ ಇಲ್ಲ, ಅದಕ್ಕೆ ನಾಳವೇ ಇಲ್ಲವಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಕಾಳಿನ ಹಾಗೆ, ಸುತ್ತಲಿನ ತೇವದಲ್ಲಿ ಅದು ಜೀವ ಹಿಡಿದಿರುತ್ತದೆ. ಹಾಗಾಗಿ ಗೋಣಿ ಹೇಗಿದೆ ಅನ್ನುವುದೇ ಮುಖ್ಯ.

ಸರಿ, ಹಿಗ್ಗಿಸಿದ ಚರ್ಮದ ಕೆಳಗೆ ಇಟ್ಟರೆ ಜಾಸ್ತಿ ಬೆಳೆಯುತ್ತಾ ಇಲ್ವಾ?

ಮೊದಲು "ಬೆಳೆಯಿತು" ಅನ್ನುವ ಮಾತನ್ನೇ ಬಿಡಿಸಿ ನೋಡಬೇಕು. ಇಟ್ಟ ತುಂಡು ಹಾಗೇ ಜೀವಂತ ಉಳಿದರೂ ಜನ ಬೆಳೆಯಿತು ಅನ್ನುತ್ತಾರೆ. ತುಂಡಿನ ಅಂಚಿನಲ್ಲಿ ಹೊಸ ಕಾರ್ಟಿಲೇಜ್ ಕೂಡಿಕೊಂಡು ದಪ್ಪವಾದರೆ ಅದು ಬೇರೆ ಸಂಗತಿ. ಎಳೆ ಪ್ರಾಣಿ ದೊಡ್ಡದಾದಂತೆ ತುಂಡೂ ದೊಡ್ಡದಾದರೆ ಮತ್ತೂ ಬೇರೆ. ಇನ್ನು ಕೆಲವು ಸಲ ತುಂಡು ಕರಗಿ ಆ ಜಾಗದಲ್ಲಿ ನಾರು ತುಂಬಿರುತ್ತದೆ. ಹೊರಗಿನಿಂದ ಮುಟ್ಟಿದರೆ ಅದೂ ಗಟ್ಟಿಯಾಗಿಯೇ ಇರುತ್ತದೆ, ಕೊಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದಾಗಲೇ ಗುಟ್ಟು ಗೊತ್ತಾಗುವುದು.

ರಕ್ತ ಜಾಸ್ತಿ ಇದ್ದರೆ ಊಟ ಜಾಸ್ತಿ, ಊಟ ಜಾಸ್ತಿ ಇದ್ದರೆ ಬೆಳವಣಿಗೆ ಜಾಸ್ತಿ ಅಂತ ಲೆಕ್ಕ ಹಾಕುವುದು ಸುಲಭ. ಗೊಬ್ಬರ ಹಾಕಿದ ಗಿಡದ ಲೆಕ್ಕ ಅದು. ಕಾರ್ಟಿಲೇಜ್ ಹಾಗಲ್ಲ. ರಕ್ತನಾಳ ಒಳಗೆ ನುಗ್ಗದಂತೆ ಅದು ತಾನೇ ತಡೆಯುತ್ತದೆ. 1975ರಲ್ಲಿ ಬ್ರೆಮ್ ಮತ್ತು ಫೋಕ್‌ಮನ್ ಮೊಲಗಳಲ್ಲಿ ಇದನ್ನೇ ತೋರಿಸಿದರು: ಗಡ್ಡೆಯ ಕಡೆಗೆ ಬೆಳೆಯುವ ರಕ್ತನಾಳಗಳನ್ನೂ ಕಾರ್ಟಿಲೇಜಿನ ತುಂಡು ತಡೆಯಿತು. ನಾಳಗಳು ಒಳಗೆ ನುಗ್ಗಿಬಿಟ್ಟವು ಅಂದರೆ ಸಾಮಾನ್ಯವಾಗಿ ಅಲ್ಲಿ ಕಾರ್ಟಿಲೇಜ್ ಕರಗುತ್ತಿದೆ ಅಥವಾ ಮೂಳೆಯಾಗುತ್ತಿದೆ ಅಂತ ಅರ್ಥ. ಪಕ್ಕದಲ್ಲಿ ಒಳ್ಳೆ ರಕ್ತ ಇರಬೇಕು, ಒಳಗೆ ಬರಬಾರದು. ಬೀಗರ ಮನೆ ಹತ್ತಿರದಲ್ಲಿದ್ದರೆ ಸಾಕು, ನಮ್ಮ ನಡುಮನೆಯಲ್ಲೇ ಇರಬೇಕಾಗಿಲ್ಲ ಅಂದ ಹಾಗೆ.

ಒತ್ತಡದ ಮಾತೂ ಇದೆ. ತಲೆಬುರುಡೆಯ ಮೇಲೆ ಬಲೂನು ಇಟ್ಟು ತುಂಬಿದರೆ ಕೆಳಗಿನ ಮೂಳೆಯೇ ಸ್ವಲ್ಪ ತಗ್ಗಾಗುತ್ತದೆ, ಬಲೂನು ತೆಗೆದ ಮೇಲೆ ಮೆಲ್ಲಗೆ ಸರಿಹೋಗುತ್ತದೆ. ಮೂಳೆಯ ಕಥೆಯೇ ಹೀಗಾದರೆ, ಕಸಿ ಇಟ್ಟು ಅದರ ಮೇಲೆ ಬಲೂನು ತುಂಬುವುದಕ್ಕೂ, ಬಲೂನಿನ ಕೆಲಸ ಮುಗಿಸಿ ಆಮೇಲೆ ಕಸಿ ಇಡುವುದಕ್ಕೂ ವ್ಯತ್ಯಾಸ ಇರಲೇಬೇಕಲ್ವಾ? ಯಾವುದೇ ಸುದ್ದಿ ಓದುವಾಗ ಯಾವುದು ಮೊದಲು ಅನ್ನುವುದನ್ನು ನೋಡಿ.

ನನ್ನ ಅಭಿಪ್ರಾಯ ಇಷ್ಟು. ಹಿಗ್ಗಿಸಿದ ಚರ್ಮ ಒಳ್ಳೆಯ ಹೊದಿಕೆ. ಕಸಿ ಉಳಿಯಲು ಒಳ್ಳೆಯ ಜಾಗ. ಬೆಳೆಸುವ ಯಂತ್ರ ಅಲ್ಲ. ಬೆಳೆಸುವ ಶಕ್ತಿ ಇರುವುದು ಬೇರೆ ಕಡೆ.

ಬೇರೆ ಕಡೆ ಅಂದರೆ ಎಲ್ಲಿ?

ಕಾರ್ಟಿಲೇಜಿನ ಮೈಮೇಲೆ ತೆಳ್ಳಗಿನ ಪೊರೆ ಇದೆ, ಪೆರಿಕಾಂಡ್ರಿಯಂ ಅಂತ. ಹೊಸ ಕಾರ್ಟಿಲೇಜ್ ಕಟ್ಟಬಲ್ಲ ಕೋಶಗಳು ಅದರ ಒಳಪದರದಲ್ಲಿವೆ. ಬರೀ ಪೊರೆಯನ್ನು ಕಸಿ ಮಾಡಿದರೂ ಮೊಲದಲ್ಲಿ ಹೊಸ ಕಾರ್ಟಿಲೇಜ್ ಹುಟ್ಟುತ್ತದೆ ಅಂತ 1972ರಲ್ಲಿ ಸ್ವೀಡನ್ನಿನ ಸ್ಕೂಗ್ ಮತ್ತು ಜೊತೆಗಾರರು ವರದಿ ಮಾಡಿದರು.

ಪ್ರಯೋಗಶಾಲೆಗೇ ಹೋಗಬೇಕಾಗಿಲ್ಲ. ಗರಡಿಯ ಹಳೇ ಪೈಲ್ವಾನರ ಕಿವಿ ನೋಡಿ. ಹೂಕೋಸಿನ ಹಾಗೆ ಮುದುಡಿರುತ್ತದೆ. ಪಟ್ಟು ಹಾಕುವಾಗ ಕಿವಿ ಉಜ್ಜಿ, ಪೊರೆಗೂ ಕಾರ್ಟಿಲೇಜಿಗೂ ನಡುವೆ ರಕ್ತ ತುಂಬುತ್ತದೆ. ಊಟ ತಪ್ಪಿದ ಹಳೇ ಕಾರ್ಟಿಲೇಜ್ ಸೊರಗುತ್ತದೆ. ಮೇಲೆದ್ದ ಪೊರೆ ಮಾತ್ರ ಸುಮ್ಮನಿರದೆ ತನಗೆ ತೋಚಿದಂತೆ ಹೊಸದನ್ನು ಕಟ್ಟುತ್ತದೆ. ಕಿವಿ ಝಾಡಿಸಿ ಝಾಡಿಸಿ ರಕ್ತ ತುಂಬಿಸಿಕೊಂಡ ನಾಯಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಡವಾಗಿ ತಂದರೆ ಆ ಕಿವಿ ಮುದುಡಿಯೇ ಮುದುಡುತ್ತದೆ.

ಹಾಗಾಗಿ ಪ್ರಾಣಿಗಳಲ್ಲಿ ಕಸಿ ದಪ್ಪವಾಯಿತು ಅಂತ ಕೇಳಿದರೆ ನಾನು ಮೊದಲು ಕೇಳುವುದು: ಪೊರೆ ಇತ್ತಾ, ಸುಲಿದಿದ್ದರಾ?

ಇಂಥ ಪ್ರಯೋಗ ಹೇಗೆ ಮಾಡುತ್ತಾರೆ?

ಸಾಮಾನ್ಯವಾಗಿ ಒಂದೇ ಪ್ರಾಣಿಯ ಒಂದು ಬದಿಯ ಚರ್ಮ ಹಿಗ್ಗಿಸಿ, ಇನ್ನೊಂದು ಬದಿಯನ್ನು ಹಾಗೇ ಬಿಡುತ್ತಾರೆ. ಅದೇ ಪ್ರಾಣಿಯ ಕಿವಿಯಿಂದ ಅಳತೆ ಮಾಡಿ ತೆಗೆದ ತುಂಡುಗಳನ್ನು ಎರಡೂ ಕಡೆ ಇಡುತ್ತಾರೆ. ವಾರಗಳು ಕಳೆದ ಮೇಲೆ ತೆಗೆದು ತೂಕ, ದಪ್ಪ, ಅಗಲ ನೋಡುತ್ತಾರೆ. ತೆಳ್ಳಗೆ ಕೊಯ್ದು ಬಣ್ಣ ಹಾಕುತ್ತಾರೆ. ಜೆಲ್ಲಿಯಂಥ ವಸ್ತು ಉಳಿದಿದೆಯೇ ಅಂತ ಸಫ್ರಾನಿನ್ ಬಣ್ಣ ಹೇಳುತ್ತದೆ. ಎರಡು ಬದಿಯೂ ಒಂದೇ ಪ್ರಾಣಿಯದ್ದಾದರೆ ವಯಸ್ಸು, ಮೇವು, ಆರೋಗ್ಯದ ವ್ಯತ್ಯಾಸ ನಡುವೆ ಬರುವುದಿಲ್ಲ. ಜಾಣತನದ ವಿಧಾನ.

ಮೊಲವೇ ಯಾಕೆ? ಮೊಲದಲ್ಲಿ ಆದದ್ದು ಮಗುವಿನಲ್ಲೂ ಆಗುತ್ತಾ?

ಮೊಲದ ಕಿವಿ ದೊಡ್ಡದು, ತೆಳ್ಳಗಿನದು, ಕಾರ್ಟಿಲೇಜ್ ಧಾರಾಳ ಸಿಗುತ್ತದೆ. ಸಾಕುವುದು ಸುಲಭ. ಐದಾರು ತಿಂಗಳಿಗೆ ಪ್ರಾಯಕ್ಕೆ ಬರುವುದರಿಂದ ಎಳೆಯದು, ಬಲಿತದ್ದು ಎರಡನ್ನೂ ಹೋಲಿಸಬಹುದು.

ತೊಡಕು ಇರುವುದೂ ಅದೇ ಕಿವಿಯಲ್ಲಿ. ಮೊಲದ ಕಿವಿಗೆ ಆರಪಾರ ತೂತು ಮಾಡಿದರೆ ಕೆಲವೇ ವಾರಗಳಲ್ಲಿ ಅದು ತುಂಬಿಕೊಳ್ಳುತ್ತದೆ, ಒಳಗಿನ ಕಾರ್ಟಿಲೇಜ್ ಸಮೇತ. 1966ರಲ್ಲಿ ಜೋಸೆಫ್ ಮತ್ತು ಡೈಸನ್ ಇದನ್ನು ವಿವರವಾಗಿ ಬರೆದಿದ್ದಾರೆ. ಈಗ ನಿಮ್ಮ ಕೊಟ್ಟಿಗೆಗೆ ಹೋಗಿ. ಹಸುವಿಗೆ ಹಾಕಿದ ಹಳದಿ ಬಣ್ಣದ, 12 ಅಂಕಿಯ ಕಿವಿ ಓಲೆ ನೋಡಿ. ಆ ಓಲೆ ಬೇಲಿಗೆ ಸಿಕ್ಕಿ ಕಿತ್ತುಹೋದರೆ ತೂತು ಮುಚ್ಚುತ್ತದಾ? ಇಲ್ಲ. ಅಂಚು ಮಾತ್ರ ಮಾಯುತ್ತದೆ, ತೂತು ಇದ್ದ ಹಾಗೇ ಇರುತ್ತದೆ. ನಾಯಿ, ಕುರಿಯ ಕಿವಿಯೂ ಹಾಗೇ. ಮನುಷ್ಯರದ್ದೂ ಹಸುವಿನ ಸಾಲಿಗೇ ಸೇರುತ್ತದೆ.

ಈ ಉದಾಹರಣೆ ಕೊಟ್ಟ ಮೇಲೆಯೇ ನನ್ನ ತಂಗಿಯ ಗಂಡ ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದದ್ದು. ಮೊಲದ ಕಿವಿ ಕಾರ್ಟಿಲೇಜ್ ಕಟ್ಟುವುದರಲ್ಲಿ ಮೊದಲೇ ಮುಂದು. ಅದರಲ್ಲಿ ಕಸಿ ಬೆಳೆದರೆ ಹಿಗ್ಗಿದ ಚರ್ಮದಿಂದ ಬೆಳೆಯಿತೋ, ಮೊಲದ್ದಾಗಿರುವುದರಿಂದ ಬೆಳೆಯಿತೋ ಅಂತ ಬೇರ್ಪಡಿಸಿ ನೋಡಬೇಕು. ಅದಕ್ಕೇ ಇನ್ನೊಂದು ಬದಿಯ ಹೋಲಿಕೆ ಇಲ್ಲದ ಪ್ರಯೋಗಕ್ಕೆ ನಾನು ಬೆಲೆ ಕೊಡುವುದಿಲ್ಲ.

ಚರ್ಮದಲ್ಲೂ ವ್ಯತ್ಯಾಸವಿದೆ. ಮೊಲದ ಚರ್ಮ ಸಡಿಲ, ಹಿಡಿದು ಎತ್ತಿದರೆ ಬರುತ್ತದೆ. ಕೆಳಗೆ ಚರ್ಮವನ್ನು ಅಲುಗಿಸುವ ತೆಳು ಸ್ನಾಯುವಿದೆ. ನೊಣ ಕೂತಾಗ ಹಸು ಮೈ ಕಂಪಿಸುತ್ತದಲ್ಲ, ಅಂಥದ್ದು. ಮನುಷ್ಯರ ಚರ್ಮ ಕೆಳಗೆ ಬಿಗಿಯಾಗಿ ಅಂಟಿದೆ. ಹಂದಿಯ ಚರ್ಮ ನಮ್ಮದಕ್ಕೆ ಹತ್ತಿರ. ಆದರೆ ಹಂದಿ ಸಾಕುವುದು ದುಬಾರಿ, ಬೇಗ ಭಾರಿ ತೂಕ ಬರುತ್ತದೆ.

ಪ್ರಾಣಿಗಳಿಗೆ ಹಿಂಸೆ ಅಲ್ವಾ?

ನೋವಿದೆ. ಇಲ್ಲ ಅಂದರೆ ಸುಳ್ಳಾಗುತ್ತದೆ. ನಮ್ಮ ದೇಶದಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಇದೆ. 1998ರಲ್ಲಿ ಪ್ರಯೋಗಗಳಿಗೆ ಬೇರೆ ನಿಯಮ ಬಂದವು. ಸಂಸ್ಥೆ ನೋಂದಣಿ ಆಗಿರಬೇಕು, ಅಲ್ಲಿನ ನೈತಿಕ ಸಮಿತಿ ಒಪ್ಪಬೇಕು, ಆ ಸಮಿತಿಯಲ್ಲಿ ಹೊರಗಿನವರೂ ಇರಬೇಕು. ಮೇಲೆ ನೋಡಿಕೊಳ್ಳುವ ಕೇಂದ್ರ ಸಮಿತಿಗೆ ಈಗ ಸಿಸಿಎಸ್‌ಇಎ ಅನ್ನುತ್ತಾರೆ, ಮೊದಲು ಸಿಪಿಸಿಎಸ್‌ಇಎ ಅನ್ನುತ್ತಿದ್ದರು. 1959ರಲ್ಲಿ ರಸೆಲ್ ಮತ್ತು ಬರ್ಚ್ ಹೇಳಿದ ಸೂತ್ರ ಇವತ್ತಿಗೂ ನಡೆಯುತ್ತಿದೆ: ಪ್ರಾಣಿ ಇಲ್ಲದೆ ಆಗುವುದಾದರೆ ಹಾಗೇ ಮಾಡಿ, ಬೇಕೇ ಬೇಕು ಅಂದರೆ ಕಡಿಮೆ ಬಳಸಿ, ಬಳಸಿದ್ದಕ್ಕೆ ನೋವು ಕಡಿಮೆ ಮಾಡಿ.

ಕಾಗದದ ನಿಯಮ ಬೇರೆ, ಕೈಯ ಕೆಲಸ ಬೇರೆ. ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ಒಂದು ಕಡೆ ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಆಪರೇಷನ್‌ಗೆ ಮೊದಲು ನಾಯಿಯ ಹಾಗೆ ಮೊಲವನ್ನೂ ರಾತ್ರಿಯೆಲ್ಲ ಉಪವಾಸ ಕೆಡವಿದ್ದರು. ಮೊಲ ವಾಂತಿ ಮಾಡುವ ಪ್ರಾಣಿಯೇ ಅಲ್ಲ, ಉಪವಾಸದ ಅಗತ್ಯ ಇಲ್ಲ. ಮೇಲಾಗಿ ಹೊಟ್ಟೆ ಖಾಲಿ ಬಿಟ್ಟರೆ ಅದರ ಕರುಳಿನ ಕೆಲಸವೇ ನಿಂತುಹೋಗುತ್ತದೆ. ಎರಡು ಮೊಲ ಸತ್ತವು, ಕಸಿಯಿಂದಲ್ಲ. ನೋವಿನ ಔಷಧಿ, ಹುಲ್ಲು, ಗಲಾಟೆ ಇಲ್ಲದ ಜಾಗ, ಇಷ್ಟಿಲ್ಲದೆ ಬಂದ ಫಲಿತಾಂಶವನ್ನು ನಾನು ನಂಬುವುದಿಲ್ಲ. ಹೆದರಿ, ಮೇವು ಬಿಟ್ಟ ಪ್ರಾಣಿಯಲ್ಲಿ ಗಾಯವೇ ಸರಿಯಾಗಿ ಮಾಯುವುದಿಲ್ಲ, ಇನ್ನು ಕಸಿಯ ಮಾತೆಲ್ಲಿ.

ಇಲಿಯ ಬೆನ್ನ ಮೇಲೆ ಮನುಷ್ಯರ ಕಿವಿ ಬೆಳೆಸಿದ್ದರಲ್ಲ?

ಫೋಟೋ ನಿಜ, ಮಾತು ತಪ್ಪು. ಅದು ಮನುಷ್ಯರ ಕಿವಿ ಅಲ್ಲ. ಕರಗುವ ಪ್ಲಾಸ್ಟಿಕ್ಕಿನಂಥ ವಸ್ತುವನ್ನು ಮಗುವಿನ ಕಿವಿಯ ಆಕಾರಕ್ಕೆ ಮಾಡಿ, ಅದರಲ್ಲಿ ಕರುವಿನ ಕಾರ್ಟಿಲೇಜ್ ಕೋಶಗಳನ್ನು ಬಿತ್ತಿ, ಇಲಿಯ ಬೆನ್ನಿನ ಚರ್ಮದ ಕೆಳಗೆ ಇಟ್ಟಿದ್ದರು. ಅಮೆರಿಕದ ವಕಾಂಟಿ ಸೋದರರು ಮತ್ತು ಕಾವೊ ಅವರ ಕೆಲಸ, 1997ರಲ್ಲಿ ಅಚ್ಚಾಯಿತು. ಅದು ಕೂದಲಿಲ್ಲದ, ರೋಗನಿರೋಧಕ ಶಕ್ತಿ ಕಡಿಮೆ ಇರುವ ಇಲಿ. ಹಾಗಾಗಿಯೇ ಕರುವಿನ ಕೋಶವನ್ನು ಅದರ ದೇಹ ತಳ್ಳಲಿಲ್ಲ. ಆ ಕಿವಿಗೆ ಕೇಳಿಸುತ್ತಿರಲಿಲ್ಲ.

ಮನುಷ್ಯರಲ್ಲೂ ಪ್ರಯತ್ನ ನಡೆದಿದೆ. ಸ್ವಂತ ಕೋಶಗಳಿಂದ ಬೆಳೆಸಿದ ಕಿವಿಯನ್ನು ಐದು ಮಕ್ಕಳಿಗೆ ಇಟ್ಟದ್ದನ್ನು ಚೀನಾದವರು 2018ರಲ್ಲಿ ವರದಿ ಮಾಡಿದರು. 2022ರಲ್ಲಿ ಅಮೆರಿಕದಲ್ಲಿ 3ಡಿ ಪ್ರಿಂಟ್ ಮಾಡಿದ ಕಿವಿಯನ್ನು ಒಬ್ಬ ಯುವತಿಗೆ ಇಟ್ಟ ಸುದ್ದಿ ಬಂತು. ಇವೆಲ್ಲ ಪರೀಕ್ಷೆಯ ಹಂತದ ಕೆಲಸ.

ಹಾಗಾದರೆ ಇವತ್ತು ಮಗುವಿಗೆ ಏನು ಮಾಡುತ್ತಾರೆ?

ಮಗುವಿನದೇ ಪಕ್ಕೆಲುಬಿನ ಕಾರ್ಟಿಲೇಜ್ ತೆಗೆದು, ಕೆತ್ತಿ, ಕಿವಿಯ ಚೌಕಟ್ಟು ಮಾಡಿ ಚರ್ಮದ ಕೆಳಗೆ ಇಡುತ್ತಾರೆ. ಹೆಚ್ಚಾಗಿ 6, 7, 8ನೇ ಪಕ್ಕೆಲುಬುಗಳದ್ದು. 1959ರಲ್ಲಿ ಟ್ಯಾಂಜರ್ ಎಂಬ ಸರ್ಜನ್ ಈ ದಾರಿ ಗಟ್ಟಿ ಮಾಡಿದರು. ಆಮೇಲೆ ಬ್ರೆಂಟ್, ಜಪಾನಿನ ನಾಗಾಟಾ ತಿದ್ದಿದರು. ಬ್ರೆಂಟ್ ಆರು ವರ್ಷದ ಹೊತ್ತಿಗೆ ಶುರು ಮಾಡುತ್ತಿದ್ದರು. ನಾಗಾಟಾ ಹತ್ತು ವರ್ಷ ಆಗಲಿ, ಎದೆಯ ಸುತ್ತಳತೆ 60 ಸೆಂಟಿಮೀಟರ್ ಬರಲಿ ಅನ್ನುತ್ತಿದ್ದರು. ಚೌಕಟ್ಟಿಗೆ ಸಾಕಷ್ಟು ಸಾಮಾನು ಬೇಕಲ್ಲ.

ಕೆತ್ತುವುದರಲ್ಲೂ ಒಂದು ಸೂಕ್ಷ್ಮ. ಒಂದೇ ಬದಿ ಹೆರೆದರೆ ಕಾರ್ಟಿಲೇಜ್ ಬಿಸಿಲಿಗೆ ಬಿದ್ದ ಹಲಗೆಯಂತೆ ಬಾಗುತ್ತದೆ. ಎರಡೂ ಬದಿ ಸಮನಾಗಿ ಹೆರೆಯಬೇಕು ಅಂತ 1958ರಲ್ಲಿ ಗಿಬ್ಸನ್ ಮತ್ತು ಡೇವಿಸ್ ತೋರಿಸಿದರು. ಹಳೇಬೀಡಿನ ಶಿಲ್ಪಿಗಳಿಗೆ ಕಲ್ಲು ಬಾಗುವ ಚಿಂತೆ ಇರಲಿಲ್ಲ, ಪುಣ್ಯವಂತರು.

ಬಲೂನು ಎಲ್ಲರಿಗೂ ಹಾಕುವುದಿಲ್ಲ. ಚೀನಾದಲ್ಲಿ ಬಳಕೆ ಜಾಸ್ತಿ. ಚರ್ಮ ಧಾರಾಳ ಸಿಗುತ್ತದೆ ನಿಜ. ಆದರೆ ಒಂದು ಆಪರೇಷನ್ ಹೆಚ್ಚು, ಸೋಂಕು, ಬಲೂನು ಸೋರುವುದು, ಚರ್ಮ ಹರಿದು ಬಲೂನು ಹೊರಗೆ ಕಾಣುವುದು, ಈ ಅಪಾಯಗಳಿವೆ.

ಮಗು ದೊಡ್ಡದಾದಂತೆ ಕಸಿ ಕಿವಿಯೂ ಬೆಳೆಯುತ್ತಾ?

ಚಿಕ್ಕ ವಯಸ್ಸಿನಲ್ಲಿ ಮಾಡಿದವು ಬಹುಪಾಲು ಇನ್ನೊಂದು ಕಿವಿಯ ಜೊತೆಜೊತೆಗೇ ಬೆಳೆದವು ಅಂತ ಬ್ರೆಂಟ್ ತಮ್ಮ ರೋಗಿಗಳನ್ನು ವರ್ಷಗಟ್ಟಲೆ ನೋಡಿ ಬರೆದಿದ್ದಾರೆ. ಕೆಲವು ಚಿಕ್ಕದಾಗಿಯೇ ಉಳಿದವು. ಆರೇಳು ವರ್ಷಕ್ಕೆ ಕಿವಿ ದೊಡ್ಡವರ ಅಳತೆಗೆ ಹತ್ತಿರ ಬಂದಿರುತ್ತದೆ, ಹಾಗಾಗಿ ಮುಂದೆ ಬೆಳೆಯಬೇಕಾದದ್ದೇ ಸ್ವಲ್ಪ.

ಗ್ರಹಣದ ದಿನ ಏನೋ ಕತ್ತರಿಸಿದ್ದಕ್ಕೆ ಹೀಗಾಯಿತಾ?

ಇಲ್ಲ. ನನ್ನ ತಂಗಿ ಈ ಮಾತು ಕೇಳಿ ಕೇಳಿ ಎಷ್ಟು ಅತ್ತಿದ್ದಾಳೆ ಅಂತ ನನಗೆ ಗೊತ್ತು. ದಯವಿಟ್ಟು ಯಾವ ತಾಯಿಗೂ ಹೇಳಬೇಡಿ.

ಆಪರೇಷನ್‌ಗೆ ಇನ್ನೂ ವರ್ಷಗಳಿವೆ. ಈಗ ಮಾಡಬೇಕಾದದ್ದು?

ಕೇಳಿಸುತ್ತದಾ ಅಂತ ಪರೀಕ್ಷೆ. ಇದು ಕಿವಿಯ ಆಕಾರಕ್ಕಿಂತ ತುರ್ತು. ಇಂಥ ಮಕ್ಕಳಲ್ಲಿ ಬಹಳ ಸಲ ಕಿವಿಯ ತೂತೇ ಮುಚ್ಚಿರುತ್ತದೆ, ಒಳಗಿವಿ ಮಾತ್ರ ಚೆನ್ನಾಗಿರುತ್ತದೆ. ಮೂಳೆಯ ಮೂಲಕ ಶಬ್ದ ಕಳಿಸುವ ಯಂತ್ರವನ್ನು ತಲೆಪಟ್ಟಿಯಲ್ಲಿ ಕಟ್ಟಿ ಕೂಸಿಗೂ ಹಾಕಬಹುದು. ಎರಡೂ ಕಿವಿ ಹೀಗಿದ್ದರೆ ಒಂದು ದಿನವೂ ತಡ ಮಾಡಬೇಡಿ, ಮಾತು ಕಲಿಯುವುದೇ ನಿಲ್ಲುತ್ತದೆ. ನಮ್ಮ ಕಡೆಯವರಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಹಾಸನದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ತೋರಿಸಿಕೊಂಡು ಸಂಜೆಗೆ ವಾಪಸ್ ಬರಬಹುದು.

ಹೆಣ್ಣುಮಗು. ಆ ಚೂರು ಹಾಲೆಗೆ ಕಿವಿ ಚುಚ್ಚಿಸಬಹುದಾ?

ಆಪರೇಷನ್‌ಗೆ ಮೊದಲು ಬೇಡ. ಆ ಹಾಲೆಯನ್ನೇ ಸರ್ಜನ್ ಮುಂದೆ ಜಾಗಕ್ಕೆ ತಿರುಗಿಸಿ ಕೂರಿಸುತ್ತಾರೆ, ಅಲ್ಲಿ ಕಲೆ, ಸೋಂಕು ಇರಬಾರದು. ಹೊಸ ಕಿವಿ ಆದ ಮೇಲೆ ಎಲ್ಲಿ ಚುಚ್ಚಬಹುದು ಅಂತ ಅವರೇ ಬೆರಳಿಟ್ಟು ತೋರಿಸಬೇಕು, ಚೌಕಟ್ಟಿಗೆ ಸೂಜಿ ತಾಗಬಾರದು. ನಮ್ಮ ಮನೆಯಲ್ಲಿ ಎಡಗಿವಿಗೆ ಮಾತ್ರ ಶಾಸ್ತ್ರ ಮಾಡಿ ಮುಗಿಸಿದೆವು. ಜೋಡಿ ಓಲೆಯ ಇನ್ನೊಂದನ್ನು ಅಮ್ಮ ಅರಿಶಿನದ ಬಟ್ಟೆಯಲ್ಲಿ ಕಟ್ಟಿ ಗಾಡ್ರೇಜ್ ಬೀರುವಿನಲ್ಲಿ ಇಟ್ಟಿದ್ದಾಳೆ.